ಗೋಕರ್ಣದ ಬೆನ್ನಿಗಿರುವ ನೀರು

ಗೋಕರ್ಣಕ್ಕೆ ಹೋದವರೆಲ್ಲ ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಶುಕ್ರವಾರ ರಾತ್ರಿ ರಾಜಾಜಿನಗರದ ನವರಂಗ್ ಹತ್ತಿರವೋ ಗೊರಗುಂಟೆಪಾಳ್ಯದಲ್ಲೋ ಬೆನ್ನಿಗೆ ಚೀಲ ಏರಿಸಿಕೊಂಡು ಬಸ್ಸಿಗೆ ಕಾಯುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಬಡಗಿನಿಂದ ತೆಂಕಿಗೆ ಬೀಚುಗಳ ಹೆಸರನ್ನು ಸಾಲಾಗಿ ಹೇಳುತ್ತಾರೆ. ಆ ಕಡಲು ಚೆಂದವೇ. ಕೆಂಪು ಮುರಕಲ್ಲಿನ ಗುಡ್ಡ ನೀರಿಗಿಳಿಯುವ ಆ ದಂಡೆಯನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸಿಲ್ಲ. ಆದರೆ ಅದೇ ಗುಡ್ಡದ ಮೇಲೆ ಹಿಂದಕ್ಕೆ ತಿರುಗಿ ನಿಂತರೆ ಮೂಡಣದಲ್ಲಿ ಇನ್ನೊಂದು ನೀರು ಕಾಣುತ್ತದೆ. ಅಲೆಯಿಲ್ಲದ, ಅಗಲವಾದ, ನಡುನಡುವೆ ತೆಂಗಿನ ಮರಗಳ ಕುರ್ವೆಗಳನ್ನು, ಎಂದರೆ ನಡುಗಡ್ಡೆಗಳನ್ನು, ಇಟ್ಟುಕೊಂಡ ನೀರು. ಆ ನೀರನ್ನು ನೋಡುವುದಕ್ಕೆಂದು ಬೆಂಗಳೂರಿನಿಂದ ಬಸ್ಸು ಹತ್ತಿದವರನ್ನು ನಾನು ಕಂಡಿದ್ದು ಕಡಿಮೆ. ಗೋಕರ್ಣದ ನಿಜವಾದ ಸಿರಿ ಇರುವುದು ಅಲ್ಲೇ ಎಂದು ನಾನೀಗ ನಂಬಿದ್ದೇನೆ.

ಈ ನೆಲದ ಆಕಾರವನ್ನು ಮೊದಲು ಹೇಳಬೇಕು. ಬಡಗಿಗೆ ಗಂಗಾವಳಿ ಹೊಳೆ, ತೆಂಕಿಗೆ ಅಘನಾಶಿನಿ, ಪಡುವಣಕ್ಕೆ ಅರಬ್ಬೀ ಸಮುದ್ರ. ಮೂರು ಕಡೆ ನೀರು ಸುತ್ತಿದ, ಹೆದ್ದಾರಿಯ ಕಡೆಗಷ್ಟೇ ನೆಲಕ್ಕೆ ಅಂಟಿಕೊಂಡ ಕಡಲ ಮೂಲೆ ಇದು. ಅದರ ತೆಂಕಣ ತುದಿ ತದಡಿ. ಎದುರು ದಡದಲ್ಲಿ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಎಂಬ ಊರು. ಎರಡೂ ಕಡೆಯ ಗುಡ್ಡಗಳು ಹತ್ತಿರ ಬಂದು ಸಣ್ಣ ಅಳಿವೆಯೊಂದನ್ನು ಬಿಟ್ಟಿವೆ. ಒಳಗೆ ಬಂದರೆ ಹೊಳೆ ಒಮ್ಮೆಲೇ ಕೈಕಾಲು ಚಾಚಿ ಮಲಗುತ್ತದೆ. ಕಾಗಾಲ, ಮಾಸೂರು, ಐಗಳಕುರ್ವೆ, ಮಾಣಿಕಟ್ಟಾ, ಹೆಗಡೆ, ಮಿರ್ಜಾನ, ಸಾಣಿಕಟ್ಟಾ, ತೊರ್ಕೆ, ಹೀಗೆ ಊರುಗಳೆಲ್ಲ ಆ ಹಿನ್ನೀರಿನ ಅಂಚಿನಲ್ಲಿವೆ. ಯಶವಂತ ಚಿತ್ತಾಲರ ಕಥೆಗಳನ್ನು ಓದಿದವರಿಗೆ ಹನೇಹಳ್ಳಿ ಗೊತ್ತು. ಅದೂ ಈ ಸೀಮೆಯದೇ.

ನನ್ನನ್ನು ಈ ಕಡೆಗೆ ತಿರುಗಿಸಿದವರು ಬಸವೇಶ್ವರನಗರದ ನಮ್ಮ ಬೀದಿಯಲ್ಲಿರುವ ಟೀಚರಮ್ಮ. ಕುಮಟಾ ಕಡೆಯವರು, ನಮ್ಮ ಬಡಾವಣೆಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ವಿಜಯನಗರದ ಮೀನಿನಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಬಾಯಿ ತೆರೆದು ಬಿದ್ದ ಮರುವಾಯಿಯನ್ನು ನೋಡಿ, "ಇದನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಬಳಚು ತಿನ್ನಬೇಕಾದರೆ ಅದು ಬಾಯಿ ಮುಚ್ಚಿರಬೇಕು, ಬರ್ತೀರಾ?" ಎಂದರು. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಸಂಜೆ ಬೆಂಗಳೂರು ಬಿಟ್ಟು, ಕುಣಿಗಲ್, ಹಾಸನ ದಾಟಿ, ಕತ್ತಲಲ್ಲಿ ಘಟ್ಟ ಇಳಿದು, ಬೆಳಗಾಗುವಾಗ ಕರಾವಳಿಯಲ್ಲಿ ಓಡುವ ಗಾಡಿ. ಗೋಕರ್ಣ ರೋಡಿನಲ್ಲಿ ಇಳಿದು ತದಡಿಗೆ, ಅಲ್ಲಿಂದ ಬಾರ್ಜಿನಲ್ಲಿ ಆಚೆ ದಡಕ್ಕೆ. ಜನ, ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತು ದಾಟಿಸುವ ದೋಣಿ ಅದು. ಕಾಗಾಲದ ಕಡೆ ಟೀಚರಮ್ಮನ ತವರು.

ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಬದುಕುವ ಜೀವ. ತುಳುವರಿಗೆ ಅದು ಮರುವಾಯಿ, ಗೋವಾದ ಕಡೆಯವರಿಗೆ ಇನ್ನೊಂದು ಹೆಸರು. ಮರಳಿನಲ್ಲಿ ಹುದುಗಿರುವುದು ಬಳಚು. ಬಂಡೆಗೆ, ಸೇತುವೆಯ ಕಂಬಕ್ಕೆ, ಹಳೆಯ ದಕ್ಕೆಯ ಕಲ್ಲಿಗೆ ಸಿಮೆಂಟು ಹಾಕಿದಂತೆ ಕಚ್ಚಿಕೊಳ್ಳುವುದು ಕಲ್ವಾ. ಅದೇ ಇಂಗ್ಲಿಷಿನವರು ಆಯ್ಸ್ಟರ್ ಎಂದು ನಿಂಬೆಹಣ್ಣು ಹಿಂಡಿ ಹಸಿಯಾಗಿಯೇ ನುಂಗುವ ಸಿಂಪಿಯ ಕುಲ. ಹಸಿರಂಚಿನ ನೀಲಿಕಲ್ಲು ಇನ್ನೊಂದು. ಒಂದೊಂದಕ್ಕೂ ಬೇಕಾದ ಉಪ್ಪಿನ ಹದ ಬೇರೆ. ಅಳಿವೆಯ ಬಾಯಲ್ಲಿ ಸಿಗುವ ಜಾತಿ ಮೇಲಕ್ಕೆ ಸಿಗುವುದಿಲ್ಲ. ಮೇಲೆ ಸಿಹಿನೀರಿನ ಹತ್ತಿರ ಕಪ್ಪು ಚಿಪ್ಪಿನ ಜಾತಿಯೊಂದಿದೆ, ಅದು ಕೆಳಕ್ಕೆ ಬರುವುದಿಲ್ಲ. ಹೊಳೆಯ ಉದ್ದಕ್ಕೂ ಯಾರೋ ಗೆರೆ ಎಳೆದು ಗಡಿ ಹಾಕಿಕೊಟ್ಟ ಹಾಗೆ ಇವು ಬದುಕುತ್ತವೆ.

ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ ಜೋರು, ಇಳಿತವೂ ಜೋರು. ಬೆಳಕು ಹರಿಯುವ ಹೊತ್ತಿಗೆ ನಾವು ದಂಡೆಗೆ ಬಂದಾಗ ಹಿಂದಿನ ಸಂಜೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಬೂದು ಬಣ್ಣದ ಮರಳದಿಬ್ಬ ಎದ್ದು ನಿಂತಿತ್ತು. ಹೆಂಗಸರು ಆಗಲೇ ಇಳಿದಿದ್ದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಕೆಲವರು ಮೇಲೊಂದು ಗಂಡಸರ ಅಂಗಿ ತೊಟ್ಟು, ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅಲ್ಯೂಮಿನಿಯಂ ಪಾತ್ರೆಯನ್ನು ತೇಲಿಬಿಟ್ಟುಕೊಂಡಿದ್ದರು. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಎಲ್ಲರೂ ಇರುವ ಕೆಲಸ ಇದು. ಗಂಡಸರು ದೋಣಿ ಕಟ್ಟಿ ಕುತ್ತಿಗೆಮಟ್ಟದ ನೀರಿನಲ್ಲಿ ಮುಳುಗಿ ಏಳುತ್ತಿದ್ದರು.

ಅರವತ್ತು ದಾಟಿದ ಅಮ್ಮನೊಬ್ಬರ ಪಕ್ಕದಲ್ಲಿ ನಾನು ನಿಂತೆ. ಅವರು ಬಗ್ಗುತ್ತಿರಲಿಲ್ಲ. ಮೊದಲು ಪಾದ. ಬಲಗಾಲಿನ ಹಿಮ್ಮಡಿ ಊರಿ, ಬೆರಳುಗಳನ್ನು ಮರಳಿನಲ್ಲಿ ಅತ್ತಿತ್ತ ಆಡಿಸಿ, ಕ್ಷಣ ನಿಂತು ಆಮೇಲೆ ಬಗ್ಗುವುದು. ಬಗ್ಗಿದರೆ ಕೈಗೆ ಬಳಚು ಬಂದೇ ಬರುತ್ತಿತ್ತು. ಬಂದದ್ದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒಮ್ಮೆ ಒತ್ತಿ ನೋಡುವರು. ಜೀವ ಇದ್ದದ್ದು ಕಲ್ಲಿನ ಹಾಗೆ ಗಟ್ಟಿ. ಸತ್ತದ್ದು ಒಳಗೆ ಕೆಸರು ತುಂಬಿಕೊಂಡು ಅಷ್ಟೇ ಭಾರವಾಗಿದ್ದರೂ ಒತ್ತಿದರೆ ಜಾರುತ್ತದೆ. ಸಣ್ಣವು ಬೆರಳ ಸಂದಿಯಿಂದಲೇ ಮತ್ತೆ ಮರಳಿಗೆ. ನೋಡುವುದು, ಒತ್ತುವುದು, ಬಿಡುವುದು ಎಲ್ಲ ಒಂದೇ ಉಸಿರಿನಲ್ಲಿ. "ಕಾಲಿಗೆ ಎಂತ ಗೊತ್ತಾಗ್ತದೆ ಅಮ್ಮಾ?" ಎಂದು ಕೇಳಿದೆ. "ಅದು ಬಾಯಿ ಮುಚ್ಚುದು ಗೊತ್ತಾಗ್ತದೆ," ಎಂದರು. ನಾನೂ ಚಪ್ಪಲಿ ಬಿಟ್ಟು, ಕಾಲೂರಿ ನಿಂತೆ. ಎಷ್ಟೋ ಹೊತ್ತಿನ ಮೇಲೆ ಪಾದದಡಿ ಏನೋ ಸಣ್ಣಗೆ ಬಿಗಿಯಿತು. ಬಗ್ಗಿ ತೆಗೆದರೆ ಬೆಣ್ಣೆಯ ಬಣ್ಣದ ಚಿಪ್ಪು, ಮೇಲೆ ಕಂದು ಗೆರೆ, ಅಂಚಿನಿಂದ ಸಣ್ಣ ಎಳೆಯಾಗಿ ನೀರು ಚಿಮ್ಮಿತು. ಅಂಗೈಯಲ್ಲಿ ಅದರ ತಣ್ಣನೆಯ ಭಾರವನ್ನು ಹಿಡಿದ ಸಂತೋಷ ಈಗಲೂ ನನಗಿದೆ.

ಇಳಿತ ಯಾರಿಗೂ ಕಾಯುವುದಿಲ್ಲ. ಎರಡು ಮೂರು ತಾಸು, ಅಷ್ಟರೊಳಗೆ ಬುಟ್ಟಿ ತುಂಬಬೇಕು. ನೀರು ಮತ್ತೆ ಏರಲು ಶುರುವಾದಾಗ ಹೆಂಗಸರು ಒಬ್ಬೊಬ್ಬರೇ ದಂಡೆಗೆ ಬಂದು, ಬುಟ್ಟಿಯನ್ನು ಹೊಳೆಯಲ್ಲೇ ಜಾಲಾಡಿಸಿ ಕೆಸರು ತೊಳೆದರು. ಅಲ್ಲಿಂದ ಕುಮಟಾ ಪೇಟೆಗೆ, ಅಂಕೋಲೆಗೆ. ದೊಡ್ಡ ಪಾಲು ಗೋವಾಕ್ಕೆ. ಗೋವಾದ ಹೋಟೆಲಿನಲ್ಲಿ ಪ್ರವಾಸಿಗಳು ಬಾಯಿ ಚಪ್ಪರಿಸುವ ಚಿಪ್ಪಿನ ಊಟದಲ್ಲಿ ಈ ಹೊಳೆಯ ಪಾಲು ಇದೆ ಎನ್ನುವುದು ತಿನ್ನುವವರಿಗೆ ತಿಳಿದಿರಲಿಕ್ಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತವರ ಸಂಗಡಿಗರು 2008ರ ಸುಮಾರಿಗೆ ಈ ಅಳಿವೆಯ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ, 2,300ಕ್ಕೂ ಹೆಚ್ಚು ಜನರಿಗೆ ನೇರ ದುಡಿಮೆ. ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ, ಯಂತ್ರ ಇಟ್ಟಿಲ್ಲ; ಹೊಳೆ ಹೊಳೆಯಾಗಿ ಉಳಿದದ್ದಕ್ಕೆ ಬಂದ ಬೆಳೆ.

ಮನೆಗೆ ಬಂದ ಬಳಚನ್ನು ಟೀಚರಮ್ಮನ ಅತ್ತಿಗೆ ಉಪ್ಪುನೀರಿನ ಪಾತ್ರೆಯಲ್ಲಿ ನೆನೆಯಲು ಬಿಟ್ಟರು. ಹೊಟ್ಟೆಯ ಮರಳನ್ನು ಅದು ತಾನೇ ಉಗುಳಬೇಕು. ಆಮೇಲೆ ಒಲೆಯ ಮೇಲೆ ಒಂದು ಕುದಿ, ಚಿಪ್ಪುಗಳು ಒಂದೊಂದಾಗಿ ಟಕ್ ಎಂದು ತೆರೆದುಕೊಂಡವು. ತೆರೆಯದೇ ಉಳಿದವನ್ನು ಎತ್ತಿ ಎಸೆದರು. ಕುದಿಸಿದ ನೀರನ್ನು ಮಾತ್ರ ಚೆಲ್ಲಲಿಲ್ಲ. ಬಸಿದು, ಮರಳು ತಳಕ್ಕಿಳಿದ ಮೇಲೆ ಅದನ್ನೇ ಮಸಾಲೆಗೆ ಹೊಯ್ದರು. ಕಾಯಿತುರಿ, ಕೊತ್ತಂಬರಿ, ಒಣಮೆಣಸು, ಮುರುಗಲು ಹುಳಿ. ಜೊತೆಗೆ ಕುಚ್ಚಲಕ್ಕಿ ಅನ್ನ. ಸುಕ್ಕ ಹೇಗಿತ್ತೆಂದು ನಾನು ಬರೆಯುವುದಿಲ್ಲ, ಬರೆದರೆ ಈ ಪ್ರಬಂಧ ಅಲ್ಲೇ ನಿಂತುಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಈ ಜೀವ ಏನು ತಿಂದು ಬದುಕುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ನನ್ನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಬಳಚು, ಕಲ್ವಾ, ನೀಲಿಕಲ್ಲು ಎಲ್ಲವೂ ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿಕೊಂಡು, ನೀರನ್ನು ಹೊರಗೆ ಬಿಡುತ್ತವೆ. ಅನುಕೂಲವಿದ್ದಾಗ ಬಲಿತ ಸಿಂಪಿಯೊಂದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರನ್ನು ಹೀಗೆ ಸೋಸಬಲ್ಲದು. ನೀರಿನಲ್ಲಿ ಪಾಚಿಯಿದ್ದರೆ ಪಾಚಿ, ಸೀಸವಿದ್ದರೆ ಸೀಸ, ಕಕ್ಕಸಿನ ರೋಗಾಣುವಿದ್ದರೆ ಅದೂ ಅದರ ಮೈಯಲ್ಲಿ ಸೇರುತ್ತದೆ. ಬಳಚು ತಿನ್ನುವವರು ಹೊಳೆಯನ್ನೇ ತಿನ್ನುತ್ತಾರೆ.

ನೀರು ಕೆಟ್ಟರೆ ಈ ಜೀವಕ್ಕೆ ಏನಾಗುತ್ತದೆ ಎಂಬುದಕ್ಕೆ ದೂರದ ಊರೊಂದರ ಕಥೆಯಿದೆ. ಫ್ರಾನ್ಸಿನ ಪಡುವಣ ಕರಾವಳಿಯಲ್ಲಿ ಕ್ಯಾಪ್ ಫೆರೆ ಎಂಬ ಉದ್ದನೆಯ ಭೂಶಿರವಿದೆ. ಒಂದು ಬದಿ ಅಟ್ಲಾಂಟಿಕ್ ಸಾಗರದ ಬೀಚು, ಇನ್ನೊಂದು ಬದಿ ಆರ್ಕಾಶೋಂ ಎಂಬ ಹಿನ್ನೀರು. ಅಲ್ಲಿಯೂ ಹಿನ್ನೀರಿನ ಕಡೆಗೇ ಸಿಂಪಿ ಸಾಕುವವರ ಊರುಗಳು. 1860ರ ದಶಕದಿಂದ ಅವರು ಸುಣ್ಣ ಬಳಿದ ಹಂಚುಗಳನ್ನು ನೀರಿನಲ್ಲಿ ಪೇರಿಸಿಟ್ಟು ಸಿಂಪಿಯ ಮರಿಗಳನ್ನು ಹಿಡಿಯುತ್ತಾರೆ. ಮರಿ ಅಂಟಿ ಬೆಳೆದ ಮೇಲೆ ಸುಣ್ಣದ ಪದರದ ಸಮೇತ ಕೆರೆದು ತೆಗೆಯುತ್ತಾರೆ. 1970ರ ದಶಕದ ಕೊನೆಯಲ್ಲಿ ಅಲ್ಲಿ ಮರಿಗಳು ಹುಟ್ಟುವುದೇ ನಿಂತುಹೋಯಿತು. ಕಾರಣ ಹುಡುಕಿದರೆ, ವಿಹಾರದ ದೋಣಿಗಳ ತಳಕ್ಕೆ ಪಾಚಿ ಕಟ್ಟದಿರಲಿ ಎಂದು ಬಳಿಯುವ ತವರದ ಬಣ್ಣ. ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಪ್ರಮಾಣ ನೀರಿಗೆ ಬಿಟ್ಟರೂ ಸಿಂಪಿಯ ಮರಿ ಸಾಯುತ್ತಿತ್ತು, ದೊಡ್ಡವುಗಳ ಚಿಪ್ಪು ವಿಕಾರವಾಗುತ್ತಿತ್ತು. 1982ರಲ್ಲಿ ಫ್ರಾನ್ಸ್ ಸರ್ಕಾರ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು, ಸಿಂಪಿಗಳು ಮರಳಿ ಬಂದವು. ಮೋಜಿಗೆ ಬಂದವರ ದೋಣಿಯ ಬಣ್ಣಕ್ಕಿಂತ ಊರಿನವರ ಸಿಂಪಿ ದೊಡ್ಡದು ಎಂದು ಒಂದು ದೇಶ ತೀರ್ಮಾನಿಸಿದ್ದನ್ನು ಓದಿದಾಗ ನನಗೆ ಗೌರವ ಮೂಡಿತು.

ನಮ್ಮ ಹತ್ತಿರದಲ್ಲೇ, ಕಾಸರಗೋಡು ಜಿಲ್ಲೆಯ ತೆಂಕಣದ ಪಡನ್ನದಲ್ಲಿ, ನೀಲಿಕಲ್ಲು ಸಾಕುವ ಕೆಲಸವೂ ನಡೆಯುತ್ತಿದೆ. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಕಲಿಸಿಕೊಟ್ಟ ವಿದ್ಯೆ, ಹೆಂಗಸರ ಸ್ವಸಹಾಯ ಸಂಘಗಳು ಅದನ್ನು ಬೆಳೆಸಿದವು. ನೀಲಿಕಲ್ಲಿನ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ತೆಳು ಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಹಿನ್ನೀರಿನಲ್ಲಿ ನೆಟ್ಟ ಬಿದಿರಿನ ಅಟ್ಟಣಿಗೆಯಿಂದ ಆ ಹಗ್ಗಗಳನ್ನು ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಬೀಳುವ ಹೊತ್ತಿಗೆ ಮರಿಗಳು ತಮ್ಮದೇ ನಾರಿನಿಂದ ಹಗ್ಗವನ್ನು ಹಿಡಿದಿರುತ್ತವೆ. ಮಳೆಗಾಲಕ್ಕೆ ಮುಂಚೆ ಕೊಯ್ಲು. ಮಳೆ ಬಂದು ನೀರು ಸಿಹಿಯಾದರೆ ಅವು ಉಳಿಯುವುದಿಲ್ಲ.

ಅಘನಾಶಿನಿಯ ಭಾಗ್ಯವೂ ಇರುವುದು ಈ ಸಿಹಿ ಉಪ್ಪುಗಳ ಸಮಯದಲ್ಲಿಯೇ. ಶಿರಸಿಯ ಶಂಕರಹೊಂಡದಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ಕಡಲು ಸೇರುವ ತನಕ ಸುಮಾರು 120 ಕಿಲೋಮೀಟರಿನ ಓಟದಲ್ಲಿ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಅಳಿವೆಯನ್ನು ತೊಳೆದು ಕಾಡಿನ ಸಾರವನ್ನು ತಂದು ಹಾಕುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ಹತ್ತುತ್ತದೆ. ಆ ಏರಿಳಿತಕ್ಕೆ ಒಗ್ಗಿ ಇಲ್ಲಿನ ಬದುಕೆಲ್ಲ ಕಟ್ಟಿಕೊಂಡಿದೆ. ಹಿನ್ನೀರಿನ ಅಂಚಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಮೊಳಕೆ ಬರಿಸಿ ಬಿತ್ತುವುದು, ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹಿನ್ನೀರು ಬಿಟ್ಟರೆ ಸಿಗಡಿ, ಮೀನು. ಮಾಣಿಕಟ್ಟಾದವರು ಅದರ ಬೀಜವನ್ನು ಇವತ್ತಿಗೂ ಕಾಯ್ದಿದ್ದಾರೆ. ಸಾಣಿಕಟ್ಟಾದಲ್ಲಿ ಇದೇ ನೀರನ್ನು ಮಡಿಗಳಿಗೆ ಕಟ್ಟಿ ಬಿಸಿಲಿಗೆ ಉಪ್ಪು ತೆಗೆಯುತ್ತಾರೆ.

ಇದೆಲ್ಲ ಕೈತಪ್ಪಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ, ಹೊನ್ನಾವರಕ್ಕೆ ಹೋದರೆ ಸಾಕು. ಶರಾವತಿಯ ಅಳಿವೆಯಲ್ಲೂ ಹಿಂದೆ ಬಳಚು ದಂಡಿಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪದ್ದು. ವಿದ್ಯುತ್ತಿಗಾಗಿ ಯಂತ್ರ ತಿರುಗಿದಾಗಲೆಲ್ಲ ವರ್ಷವಿಡೀ ಸಿಹಿನೀರು ಕೆಳಕ್ಕೆ ಬರತೊಡಗಿತು. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರಲಿಲ್ಲ. ಉಪ್ಪಿಲ್ಲದೆ ಬಳಚು ಹೋಯಿತು, ಬಳಚಿನೊಂದಿಗೆ ಹೆಂಗಸರ ದುಡಿಮೆ ಹೋಯಿತು. ಹೊಳೆಯಲ್ಲಿ ನೀರು ತುಂಬಿಯೇ ಇದೆ, ನೋಡಿದವರಿಗೆ ಏನೂ ಕೆಟ್ಟಂತೆ ಕಾಣುವುದಿಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ದಶಕಗಳ ಕಾಲ ಉರಿದ ದೀಪದಲ್ಲಿ ಆ ಶರಾವತಿಯ ಪಾಲಿದೆ. ಆ ಬೆಳಕಿನ ಬೆಲೆಯನ್ನು ತೆತ್ತವರ ಹೆಸರು ಯಾವ ಬಿಲ್ಲಿನಲ್ಲೂ ಬರಲಿಲ್ಲ.

ನಾನು ಬದುಕುವ ಪಶ್ಚಿಮ ಬೆಂಗಳೂರಿಗೂ ಒಂದು ಹೊಳೆಯಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ, ನಾಯಂಡಹಳ್ಳಿಯಲ್ಲಿ, ಕೆಂಗೇರಿಯಲ್ಲಿ ಮೆಟ್ರೊ ಕಿಟಕಿಯಿಂದ ಕಪ್ಪಗೆ ಕಾಣುವ ವೃಷಭಾವತಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬಚ್ಚಲು, ಕಕ್ಕಸು, ಸಣ್ಣ ಕಾರ್ಖಾನೆಗಳ ತೊಳೆನೀರು ಹೊತ್ತು ಅದು ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ಸೇರುತ್ತದೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ. ಮಳೆಗಾಲ ಬೇಸಿಗೆ ಎಂಬ ಭೇದವೇ ಅದಕ್ಕೆ ಉಳಿದಿಲ್ಲ. ನಮ್ಮ ನಲ್ಲಿ ತೆರೆದಾಗ ತುಂಬುತ್ತದೆ, ಮುಚ್ಚಿದಾಗ ಇಳಿಯುತ್ತದೆ. ಅಂಥ ನೀರಿನಲ್ಲಿ ಬಳಚು ಇದ್ದಿದ್ದರೂ ಅದು ವಿಷದ ಗಂಟಾಗಿರುತ್ತಿತ್ತು. ಒಂದು ಹೊಳೆಯನ್ನು ಹೀಗೆ ಮಾಡಿಟ್ಟುಕೊಂಡ ನಗರ ಇನ್ನೊಂದು ಹೊಳೆಯ ನೀರನ್ನು ಕೇಳುವಾಗ ನನಗೆ ಸಂಕಟವಾಗುತ್ತದೆ. 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ತರುವ ಮಾತು ಎದ್ದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಆಚರಿಸಿತು. ಈಗ ಅಘನಾಶಿನಿಯನ್ನು ಬಯಲುಸೀಮೆಯ ವೇದಾವತಿ ಹೊಳೆಗೆ ತಿರುಗಿಸುವ ಯೋಜನೆ ಬಂದಿದೆ, ಶಿರಸಿ ಕುಮಟಾಗಳಲ್ಲಿ ಜನ ಸಭೆ ಸೇರುತ್ತಿದ್ದಾರೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ನಾನೂ ಬಯಲುಸೀಮೆಯವಳೇ. ಆದರೆ ವೃಷಭಾವತಿಯನ್ನು ತೊಳೆಯದೆ, ನಮ್ಮ ಕೆರೆಗಳನ್ನು ತುಂಬಿಸದೆ, ಘಟ್ಟದಾಚೆಯ ಹೊಳೆಗೆ ಕೈಹಾಕುವುದು ನ್ಯಾಯ ಎಂದು ನನಗೆ ಯಾರೂ ಒಪ್ಪಿಸಲಾರರು.

ಹಾಗೆಂದು ಈ ಅಳಿವೆಯನ್ನು ಯಾರೂ ಕಾಯಲಿಲ್ಲ ಎಂದಲ್ಲ. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಪ್ರಸ್ತಾಪ ಬಂದಾಗ ಈ ಊರಿನವರು, ವಿಜ್ಞಾನಿಗಳು, ಮಠದವರು ಒಟ್ಟಾಗಿ ಎದ್ದು ನಿಂತರು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗಕ್ಕೆ, ಜಗತ್ತಿನ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ಪಟ್ಟ ಸಿಕ್ಕಿತು. ಪಕ್ಷಿಗಳ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆಗೆ ಬಂದ ಈ ಪಟ್ಟದ ವಿಶೇಷ ಏನೆಂದರೆ, ಇಲ್ಲಿ ಉಳಿಸಬೇಕಾದ್ದರಲ್ಲಿ ಮನುಷ್ಯರ ಕಸುಬೂ ಸೇರಿದೆ.

ಹೊರಡುವ ದಿನ ಅದೇ ಅಮ್ಮ ಬಳಚು ಅಳೆದು ಕೊಡಲು ಟೀಚರಮ್ಮನ ಮನೆಗೆ ಬಂದಿದ್ದರು. ಮಾತಿಗೆ ಮಾತು ಬಂದು ಟೀಚರಮ್ಮ ಹೊಳೆ ತಿರುಗಿಸುವ ಯೋಜನೆಯ ಸಂಗತಿ ಹೇಳಿದರು. ಅಮ್ಮ ಬುಟ್ಟಿ ಇಳಿಸಿ ಕೇಳಿದ ಪ್ರಶ್ನೆ ಒಂದೇ: "ಮಳಿಗಾಲದ ನೀರು ತಕಂಡು ಹೋಗುದೋ, ಬ್ಯಾಸಗಿ ನೀರೋ?"

ಮಳೆಗಾಲದ್ದೇ ಇರಬೇಕು, ಸಮುದ್ರಕ್ಕೆ ಸುಮ್ಮನೆ ಹೋಗುವ ನೀರು ಎಂದು ಹೇಳುತ್ತಾರೆ, ಎಂದೆ ನಾನು.

"ಸುಮ್ಮನೆ ಹೋಗೂದಲ್ಲ ಅದು," ಎಂದು ಅವರು ನೆಲದ ಮೇಲೆ ಕುಳಿತು ನಿಧಾನವಾಗಿ ವಿವರಿಸಿದರು. ಮಳೆಯ ನೀರು ಜೋರಾಗಿ ಬಂದು ಮರಳಿನ ಮೇಲೆ ಕುಂತ ಕೆಸರನ್ನು ಕಡಲಿಗೆ ನೂಕಬೇಕು. ನೂಕದಿದ್ದರೆ ಬಳಚಿನ ಮರಿ ಕೂರಲು ಜಾಗವಿಲ್ಲ. ಅಳಿವೆಯ ಬಾಯಿ ಹೂಳು ಕಟ್ಟಿದರೆ ದೋಣಿ ಹೊರಗೆ ಹೋಗುವುದಿಲ್ಲ, ಭರತದ ನೀರು ಒಳಗೆ ಬರುವುದಿಲ್ಲ. ಬೇಸಿಗೆಯಲ್ಲಿ ಮೇಲಿಂದ ಒಂದು ಎಳೆ ಸಿಹಿನೀರು ಬರುತ್ತಿರಬೇಕು, ಇಲ್ಲದಿದ್ದರೆ ಉಪ್ಪು ಕಡುವಾಗಿ ಬಾವಿಯ ನೀರೂ ಕೆಡುತ್ತದೆ. ಇಷ್ಟು ಹೇಳಿ, ಸೇರಿನಲ್ಲಿ ಬಳಚು ಅಳೆದು, ಮೇಲೊಂದು ಹಿಡಿ ಕೊಸರು ಹಾಕಿದರು. ಬೆಂಗಳೂರಿನ ತನಕ ಹೋಗುವುದಾದರೆ ಒದ್ದೆ ಗೋಣಿಯಲ್ಲಿ ಸುತ್ತಿಕೊಳ್ಳಿ, ಸಿಹಿನೀರು ಮಾತ್ರ ತಾಗಿಸಬೇಡಿ ಎಂದು ಎರಡೆರಡು ಸಲ ಹೇಳಿದರು.